ಎತ್ತಿ ಕೂರಿಸಲು ನನ್ನ ಕೈ ಸಾಲುತ್ತಿಲ್ಲ: ಬೋರ್ಡ್ ಸಾಕಾ, ಲಿಫ್ಟ್ ಬೇಕಾ?

(ಆರೈಕೆ ಮಾಡುವವರ ಆನ್‌ಲೈನ್ ಮಾತುಕತೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಎರಡು ಕೈ

ನನ್ನ ಗಂಡನಿಗೆ ಎಎಲ್‌ಎಸ್, ಸ್ನಾಯುಗಳನ್ನು ನಡೆಸುವ ನರಗಳು ಸೋತು ಮೈಬಲ ಹೋಗುತ್ತಾ ಬರುವ ಕಾಯಿಲೆ. ಗೊತ್ತಾಗಿ ಎರಡು ವರ್ಷ ಆಯಿತು. ಮೊದಲು ಬಲಗಾಲು, ಆಮೇಲೆ ಎಡಗಾಲು, ಈಗ ಭುಜಗಳೂ ಸೋಲುತ್ತಿವೆ. ಮಾತು ಸ್ವಲ್ಪ ತೊದಲುತ್ತದೆ, ಆದರೆ ನಮಗೆ ಅರ್ಥವಾಗುತ್ತದೆ. ಮೊನ್ನೆವರೆಗೆ ನಾನು ಸೊಂಟಕ್ಕೆ ಬೆಲ್ಟ್ ಹಾಕಿ, ಅವರ ಮಂಡಿಗೆ ನನ್ನ ಮಂಡಿ ಒತ್ತಿಟ್ಟು ನಿಲ್ಲಿಸಿ, ತಿರುಗಿಸಿ ಗಾಲಿಕುರ್ಚಿಗೆ ಕೂರಿಸುತ್ತಿದ್ದೆ. ಕಳೆದ ವಾರ ಅರ್ಧ ತಿರುಗಿದಾಗ ಅವರ ಎರಡೂ ಮಂಡಿ ಒಟ್ಟಿಗೆ ಮಡಚಿಕೊಂಡವು. ಬೀಳಲು ಬಿಡಬಾರದು ಅಂತ ಹಿಡಿದುಕೊಂಡೇ ಮೆಲ್ಲಗೆ ನೆಲಕ್ಕೆ ಜಾರಿದೆವು. ಅವರು ನನ್ನ ಕಾಲ ಮೇಲೆ ಕೂತಿದ್ದರು. ಪಕ್ಕದ ಮನೆಯವರು ಬರುವವರೆಗೆ 40 ನಿಮಿಷ ಹಾಗೇ ಇದ್ದೆವು. ಅವರು ಪೂರ್ತಿ ಹೊತ್ತು "ನಿನ್ನ ಕಾಲಿಗೆ ಏನಾಯ್ತು" ಅಂತಲೇ ಕೇಳುತ್ತಿದ್ದರು.

ಅವತ್ತಿನಿಂದ ಪ್ರತಿ ಸಲ ಎತ್ತುವಾಗಲೂ ನನಗೆ ಭಯ. ನನ್ನ ಕೈ ನಡುಗುವುದು ಅವರಿಗೂ ಗೊತ್ತಾಗುತ್ತದೆ.

ಹಾಸಿಗೆಗೂ ಕುರ್ಚಿಗೂ ನಡುವೆ ಸೇತುವೆ ಥರ ಇಟ್ಟು ಜಾರಿಸುವ ಹಲಗೆ, ಟ್ರಾನ್ಸ್‌ಫರ್ ಬೋರ್ಡ್ ತಗೊಳ್ಳಲಾ? ನಿಂತು ತಿರುಗಿಸುವ ಯಂತ್ರ ಅಂತ ಒಂದು ಇದೆಯಂತೆ, ಅದಾ? ಅಥವಾ ಬಟ್ಟೆಯ ಜೋಲಿಯಲ್ಲಿ ಕೂರಿಸಿ ಮನುಷ್ಯನನ್ನೇ ಎತ್ತುವ ಯಂತ್ರ, ನೇರ ಲಿಫ್ಟೇ ಬೇಕಾ? ಲಿಫ್ಟ್ ಅಂದರೆ ಅವರಿಗೆ ಇಷ್ಟವಿಲ್ಲ. "ಅದು ಬಂದ ದಿನ ನಾನು ಮನುಷ್ಯ ಅಲ್ಲ, ಸರಕು" ಅಂದರು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ರಾತ್ರಿ ಪಾಳಿ

ಅಕ್ಕ, ನಿಮ್ಮ ಕಾಲು ಈಗ ಹೇಗಿದೆ? ಮೊದಲು ಅದನ್ನು ತೋರಿಸಿಕೊಳ್ಳಿ. ನೀವು ಮಲಗಿದರೆ ಇಬ್ಬರೂ ಮಲಗಿದ ಹಾಗೆ.

ನನ್ನ ಅಮ್ಮನಿಗೆ ಇನ್‌ಕ್ಲೂಷನ್ ಬಾಡಿ ಮೈಯೋಸೈಟಿಸ್. ತೊಡೆಯ ಮುಂಭಾಗದ ಸ್ನಾಯು ಮತ್ತು ಬೆರಳು ಮಡಚುವ ಸ್ನಾಯು ಮೊದಲು ಹೋಗುವ ಕಾಯಿಲೆ. ನಾವು ಮಾಡಿದ ತಪ್ಪು ಹೇಳುತ್ತೇನೆ. ನಿಂತು ಹಿಡಿದುಕೊಳ್ಳುವ ಸ್ಟ್ಯಾಂಡ್ ಏಡ್ ತಂದೆವು. ಮುಂದೆ ಒಂದು ಅಡ್ಡ ಕಂಬಿ, ಮಂಡಿಗೆ ಒಂದು ಮೆತ್ತೆ, ಎದ್ದ ಮೇಲೆ ಹಿಂದಿನಿಂದ ಎರಡು ಮಡಚುವ ಸೀಟು ಬಂದು ಸೇರುತ್ತವೆ. ತುಂಬಾ ಒಳ್ಳೆಯ ಸಾಮಾನು, ನಿಜ. ಆದರೆ ಅದರಲ್ಲಿ ಏಳಬೇಕಾದರೆ ಕಂಬಿಯನ್ನು ಹಿಡಿದು ತಮ್ಮನ್ನು ತಾವೇ ಎಳೆದುಕೊಳ್ಳಬೇಕು. ಅಮ್ಮನ ಬೆರಳು ಕಂಬಿಯ ಮೇಲೆ ಇರುತ್ತಿದ್ದವು, ಹಿಡಿತ ಇರುತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ ಅದು ಮೂಲೆ ಸೇರಿತು. ಇವತ್ತಿನ ಬಲ ನೋಡಿ ತಂದಿದ್ದೆವು. ಇನ್ನು ಆರು ತಿಂಗಳಿಗೆ ಹೇಗಿರುತ್ತಾರೆ ಅಂತ ನೋಡಿ ತರಬೇಕಿತ್ತು.

ನಿಮ್ಮ ಮನೆಯವರಿಗೆ ಭುಜವೂ ಸೋಲುತ್ತಿದೆ ಅಂದಿರಿ. ಹಾಗಾದರೆ ಸ್ಟ್ಯಾಂಡ್ ಏಡ್‌ಗೆ ದುಡ್ಡು ಹಾಕುವ ಮುಂಚೆ ಎರಡು ಸಲ ಯೋಚಿಸಿ.

ಫಿಸಿಯೋ, 14 ವರ್ಷ

ಮೇಡಂ, ನಾನು ಇದೇ ಕೆಲಸ ಮಾಡುವವಳು. ನಿಮ್ಮವರನ್ನು ನೋಡದೆ ಇದೇ ತಗೊಳ್ಳಿ ಅಂತ ಹೇಳಲಾರೆ. ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಯಾರೂ ಹಿಡಿಯದೆ ಹಾಸಿಗೆಯ ಅಂಚಿನಲ್ಲಿ ಎಷ್ಟು ಹೊತ್ತು ಕೂರುತ್ತಾರೆ? ಒಂದು ಕಾಲಾದರೂ ಮೈಭಾರ ತಡೆಯುತ್ತಾ, ಬೆಳಗ್ಗೆ ಮಾತ್ರ ಅಲ್ಲ, ಸಂಜೆ ಸುಸ್ತಾದ ಮೇಲೂ? ಕತ್ತು ನಿಲ್ಲುತ್ತಾ? ಅಂಗಾತ ಮಲಗಿದರೆ ಉಸಿರು ಕಟ್ಟುತ್ತಾ? ಗಾಲಿಕುರ್ಚಿಯ ಕೈ ಬಿಚ್ಚಿ ತೆಗೆಯಬಹುದಾ?

ಯಾಕೆ ಕೇಳಿದೆ ಅಂದರೆ, ಬೋರ್ಡಿಗೆ ಕೂತ ಸಮತೋಲನ ಬೇಕು, ಕೈಯಲ್ಲಿ ಸ್ವಲ್ಪ ತಳ್ಳುವ ಶಕ್ತಿ ಬೇಕು. ಕುರ್ಚಿಯ ಕೈ ಬಿಚ್ಚಲು ಬರದಿದ್ದರೆ ಬೋರ್ಡ್ ಇಡಲು ಜಾಗವೇ ಇಲ್ಲ. ಎರಡೂ ಕಡೆ ಎತ್ತರ ಸಮ ಇರಬೇಕು, ಹೋಗುವ ಕಡೆ ಸ್ವಲ್ಪ ತಗ್ಗಿದ್ದರೆ ಇನ್ನೂ ಸುಲಭ. ಬರಿಮೈಯಲ್ಲಿ ಜಾರಿಸಿದರೆ ಚರ್ಮ ಬೋರ್ಡಿಗೆ ಅಂಟಿ ಎಳೆಯುತ್ತದೆ, ಹುಣ್ಣು ಶುರುವಾಗುವುದು ಹೀಗೆಯೇ. ಅವರ ಬೆರಳು ಬೋರ್ಡಿನ ಅಂಚಿನ ಕೆಳಗೆ ಸಿಕ್ಕಿಕೊಳ್ಳದ ಹಾಗೆ ನೋಡಬೇಕು. ಕರೆಂಟಿನಿಂದ ನಡೆಯುವ, ಮನುಷ್ಯನನ್ನು ಎದ್ದು ನಿಲ್ಲಿಸುವ ಯಂತ್ರದಲ್ಲೂ ಕಾಲು ಸ್ವಲ್ಪ ಭಾರ ತಡೆಯಲೇಬೇಕು. ತಡೆಯದಿದ್ದರೆ ಬೆನ್ನಿನ ಪಟ್ಟಿ ಮೇಲೆ ಸರಿದು ಕಂಕುಳಲ್ಲಿ ನೇತುಬಿದ್ದ ಹಾಗಾಗುತ್ತದೆ. ಭುಜ ಸೋತವರಿಗೆ ಅದು ಬಹಳ ನೋವು.

ಬೆಲ್ಟ್ ಬಗ್ಗೆ ಒಂದು ಮಾತು. ಅದು ನಿಲ್ಲಬಲ್ಲವರನ್ನು ಹಿಡಿದುಕೊಳ್ಳಲು ಇರುವುದು. ಎತ್ತಲು ಅಲ್ಲ. ಮುಂದೆ ಹೊಟ್ಟೆಗೆ ಆಹಾರದ ನಳಿಕೆ ಹಾಕಿಸಿದರೆ ಬೆಲ್ಟ್ ಎಲ್ಲಿ ಬರಬೇಕು, ಹಾಕಬಹುದಾ ಅಂತ ವೈದ್ಯರನ್ನು ಕೇಳಿಯೇ ಹಾಕಿ.

ಅಣ್ಣ ತಮ್ಮ

ನಮ್ಮ ತಂದೆಗೂ ಸ್ನಾಯು ಬಲ ಹೋಗುವ ಕಾಯಿಲೆ. ನಾನು, ನನ್ನ ತಮ್ಮ ಮೂರು ವರ್ಷದಿಂದ ಎತ್ತುತ್ತಿದ್ದೇವೆ. ಒಬ್ಬ ಕಂಕುಳಿಗೆ ಕೈ ಹಾಕುತ್ತೇವೆ, ಒಬ್ಬ ಮಂಡಿ ಕೆಳಗೆ. ಒಂದು ಯಂತ್ರವೂ ಇಲ್ಲ. ಪ್ರೀತಿಯಿಂದ ಎತ್ತಿದರೆ ಭಾರ ಗೊತ್ತಾಗುವುದಿಲ್ಲ. ಲಿಫ್ಟ್ ಅಂದರೆ ದೊಡ್ಡ ಖರ್ಚು, ಮನೆ ತುಂಬಾ ಜಾಗ. ಇನ್ನೊಬ್ಬರನ್ನು ಸಹಾಯಕ್ಕೆ ಇಟ್ಟುಕೊಳ್ಳಿ ಅಂತ ನನ್ನ ಸಲಹೆ.

ಫಿಸಿಯೋ, 14 ವರ್ಷ

ಸರ್, ನಿಮ್ಮ ಪ್ರೀತಿ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ದಯವಿಟ್ಟು ಕಂಕುಳಿಗೆ ಕೈ ಹಾಕಬೇಡಿ. ಭುಜದ ಕೀಲನ್ನು ಅದರ ಜಾಗದಲ್ಲಿ ಹಿಡಿದಿಡುವುದೇ ಸುತ್ತಲಿನ ಸ್ನಾಯು. ಅದು ಸೋತಿರುವಾಗ ನೀವು ಎಳೆದರೆ ಕೀಲು ಜಾರಬಹುದು. ಒಂದು ಸಲ ಜಾರಿದರೆ ಆ ನೋವು ಹೋಗುವುದು ಕಷ್ಟ.

ಭಾರದ ಲೆಕ್ಕವೂ ಇದೆ. ಅಮೆರಿಕದ ಉದ್ಯೋಗ ಸುರಕ್ಷತೆಯ ಸಂಶೋಧನಾ ಸಂಸ್ಥೆ ನಯೋಶ್‌ನಲ್ಲಿದ್ದ ಥಾಮಸ್ ವಾಟರ್ಸ್ 2007ರಲ್ಲಿ ರೋಗಿಗಳನ್ನು ಕೈಯಲ್ಲಿ ಎತ್ತುವುದಕ್ಕೆ ಒಂದು ಮಿತಿ ಬರೆದರು: 35 ಪೌಂಡ್, ಅಂದರೆ ಸುಮಾರು 16 ಕಿಲೋ. ಅದೂ ಎಲ್ಲ ಅನುಕೂಲವಾಗಿರುವಾಗ. 70 ಕಿಲೋ ಮನುಷ್ಯನ ಒಂದು ಕಾಲೇ ಸುಮಾರು 11 ಕಿಲೋ ತೂಗುತ್ತದೆ. ಲೆಕ್ಕ ನೀವೇ ಹಾಕಿ. ಇಬ್ಬರು ಎತ್ತಿದರೂ ಮಿತಿ ದಾಟಿ ಎಷ್ಟೋ ಆಯಿತು.

ಹುಡುಗನ ಅಪ್ಪ

ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ಮಗನಿಗೆ ಡ್ಯುಶೆನ್, ಹುಟ್ಟಿನಿಂದಲೇ ಬಂದು ಸ್ನಾಯು ಸವೆಯುತ್ತಾ ಹೋಗುವ ಕಾಯಿಲೆ. ಏಳು ವರ್ಷದವನಿದ್ದಾಗ ಎಲ್ಲ ಅಪ್ಪಂದಿರ ಹಾಗೆ ಕಂಕುಳಿಗೆ ಕೈಕೊಟ್ಟು ಎತ್ತಲು ಹೋದೆ. ನನ್ನ ಕೈಗಳ ಮಧ್ಯದಿಂದ ಅವನು ಕೆಳಗೆ ಜಾರಿದ, ಭುಜ ಎರಡೂ ಕಿವಿಯ ತನಕ ಮೇಲೆ ಬಂದವು. ಆ ದೃಶ್ಯ ಇನ್ನೂ ಕಣ್ಣ ಮುಂದಿದೆ. ಭುಜದ ಸುತ್ತ ಬಲ ಇಲ್ಲದ ಮಕ್ಕಳು ಹಾಗೇ ಜಾರುತ್ತಾರೆ ಅಂತ ಆಮೇಲೆ ವೈದ್ಯರು ಹೇಳಿದರು.

ಈಗ ಅವನಿಗೆ 16. ನನಗಿಂತ ಎತ್ತರ. ಸ್ಟೀರಾಯ್ಡ್ ತಗೊಂಡು ಮೂಳೆ ತೆಳುವಾಗಿವೆ, ಒಂದು ಸಣ್ಣ ಬೀಳುವಿಕೆಯೂ ಆಗಬಾರದು. ಅವನಿಗೆ 11 ಆದಾಗಲೇ ಸೂರಿಗೆ ಹಳಿ ಹಾಕಿಸಿ ಅದರ ಮೇಲೆ ಓಡುವ ಲಿಫ್ಟ್ ಹಾಕಿಸಿದೆವು. ಹಾಸಿಗೆಯಿಂದ ಬಚ್ಚಲಿಗೆ ಒಂದೇ ಹಳಿ. ಆಗ ನೆಂಟರೆಲ್ಲ "ಇಷ್ಟು ಬೇಗ ಯಾಕೆ, ಇನ್ನೂ ಎತ್ತಬಹುದಲ್ಲ" ಅಂದರು. ಬೇಗ ಹಾಕಿಸಿದ್ದೇ ಒಳ್ಳೆಯದಾಯಿತು. ಅವನು ಹೆದರದೆ ಅಭ್ಯಾಸ ಮಾಡಿಕೊಂಡ, ಬಟನ್ ಅವನ ಕೈಯಲ್ಲೇ ಇರುತ್ತಿತ್ತು. ಸೂರು ಭಾರ ತಡೆಯುತ್ತಾ ಅಂತ ಎಂಜಿನಿಯರ್ ನೋಡಿದ ಮೇಲೆ ಮಾತ್ರ ಹಾಕಿಸಿ, ಸುಮ್ನೆ ಕೊರೆಯಲು ಬಿಡಬೇಡಿ. ಕೊರೆಯಲು ಆಗದ ಮನೆಯಾದರೆ ಎರಡು ಕಂಬ, ಮೇಲೊಂದು ಅಡ್ಡತೊಲೆ ಇರುವ, ನೆಲದ ಮೇಲೆ ನಿಲ್ಲಿಸುವ ಚೌಕಟ್ಟೂ ಸಿಗುತ್ತದೆ.

ಗಾಲಿಕುರ್ಚಿಯಿಂದ

ಇಲ್ಲಿ ಎತ್ತುವವರೆಲ್ಲ ಬರೆದಿದ್ದೀರಿ. ಎತ್ತಿಸಿಕೊಳ್ಳುವವನು ನಾನು, ಸ್ವಲ್ಪ ಬರೆಯುತ್ತೇನೆ. ನನಗೆ ಲಿಂಬ್ ಗರ್ಡಲ್ ಮಸ್ಕ್ಯುಲರ್ ಡಿಸ್ಟ್ರೊಫಿ, ಅಂದರೆ ಸೊಂಟ, ಭುಜದ ಸುತ್ತಲಿನ ಸ್ನಾಯು ಸವೆಯುವ ಕಾಯಿಲೆ, 22 ವರ್ಷದಿಂದ. ಲಿಫ್ಟ್ ಬಂದು ಒಂಬತ್ತು ವರ್ಷ.

ಲಿಫ್ಟಿಗೆ ಮುಂಚೆ ನನ್ನನ್ನು ಎತ್ತುತ್ತಿದ್ದದ್ದು ನನ್ನ ಹೆಂಡತಿ. ಅವಳ ಮುಖ ನನ್ನ ಕಿವಿ ಪಕ್ಕ ಇರುತ್ತಿತ್ತು. ಎತ್ತುವ ಮುಂಚೆ ಅವಳು ಉಸಿರು ಬಿಗಿಹಿಡಿಯುವುದು ಕೇಳುತ್ತಿತ್ತು. ಎತ್ತಿದ ಮೇಲೆ ಒಂದು ಸಣ್ಣ "ಹ್" ಅನ್ನುತ್ತಿದ್ದಳು, ಬೆನ್ನು ಹಿಡಿದದ್ದು ನನಗೆ ಗೊತ್ತಾಗಬಾರದು ಅಂತ ನುಂಗಿಕೊಂಡ ಶಬ್ದ. ದಿನಕ್ಕೆ ಎಂಟು ಸಲ. ಅದಕ್ಕೇ ನಾನು ನೀರು ಕುಡಿಯುವುದು ಕಡಿಮೆ ಮಾಡಿದ್ದೆ, ಬಚ್ಚಲಿಗೆ ಹೋಗುವುದು ತಪ್ಪಲಿ ಅಂತ. ಸರಕು ಅನ್ನಿಸಿದ್ದು ನನಗೆ ಆಗ. ಅವಳ ಬೆನ್ನ ಮೇಲಿನ ಮೂಟೆ.

ಸ್ಲಿಂಗ್‌ನಲ್ಲಿ, ಅಂದರೆ ಲಿಫ್ಟಿಗೆ ತೂಗುಹಾಕುವ ಬಟ್ಟೆಯ ಜೋಲಿಯಲ್ಲಿ, ಮೊದಲ ವಾರ ಭಯ ಆಗಿದ್ದು ಸತ್ಯ. ಕಾಲು ನೆಲ ಬಿಟ್ಟಾಗ ಹೊಟ್ಟೆ ಕಿವುಚಿದ ಹಾಗೆ. ಆದರೆ ಎರಡನೇ ವಾರದಲ್ಲಿ ಅವಳು ನನ್ನ ಎದುರು ನಿಂತು ಮಾತಾಡುತ್ತಾ ಬಟನ್ ಒತ್ತುತ್ತಿದ್ದಳು. ಎಷ್ಟೋ ತಿಂಗಳಾದ ಮೇಲೆ, ನನ್ನನ್ನು ಎತ್ತುವ ಹೊತ್ತಿನಲ್ಲಿ ಅವಳ ಮುಖ ಕಂಡೆ. ನಿಮ್ಮವರಿಗೆ ಇದನ್ನು ಓದಿ ಹೇಳಿ ಅಕ್ಕ. ಬಲವಂತ ಮಾಡಬೇಡಿ. ಒಂದು ಸಲ ಅವರ ಎದುರಿಗೆ ನೀವು ಸ್ಲಿಂಗ್‌ನಲ್ಲಿ ಕೂತು ನೋಡಿ, ಅವರು ನೋಡಲಿ. ನನ್ನ ಹೆಂಡತಿ ಹಾಗೇ ಮಾಡಿದ್ದಳು.

ಎರಡು ಕೈ

ಓದಿ ಹೇಳಿದೆ. ನೀರಿನ ವಿಷಯ ಬಂದಾಗ ಅವರು ಆ ಕಡೆ ಮುಖ ತಿರುಗಿಸಿದರು. ಅವರೂ ನೀರು ಕಡಿಮೆ ಕುಡಿಯುತ್ತಿದ್ದರಂತೆ. ನನಗೆ ಗೊತ್ತೇ ಆಗಿರಲಿಲ್ಲ.

ಫಿಸಿಯೋ ಮೇಡಂ, ಉತ್ತರ: ಅಂಚಿನಲ್ಲಿ ಹಿಡಿಯದೆ ಒಂದು ನಿಮಿಷ ಕೂರಬಹುದು, ಆಮೇಲೆ ಎಡಕ್ಕೆ ವಾಲುತ್ತಾರೆ. ಬೆಳಗ್ಗೆ ಎಡಗಾಲು ಸ್ವಲ್ಪ ಭಾರ ತಡೆಯುತ್ತದೆ, ಸಂಜೆ ಇಲ್ಲ. ಕತ್ತು ಸಂಜೆ ಹೊತ್ತಿಗೆ ಮುಂದೆ ಬೀಳುತ್ತದೆ. ಅಂಗಾತ ಮಲಗಿದರೆ ಉಸಿರು ಕಷ್ಟ, ರಾತ್ರಿ ಬೈಪ್ಯಾಪ್ (ಮುಖವಾಡದ ಮೂಲಕ ಗಾಳಿ ಒತ್ತಿ ಉಸಿರಾಟಕ್ಕೆ ನೆರವಾಗುವ ಯಂತ್ರ) ಹಾಕುತ್ತೇವೆ. ಕುರ್ಚಿಯ ಕೈ ಬಿಚ್ಚಲು ಬರುವುದಿಲ್ಲ. ಮಂಚ ಕೆಳಗೆ ಪೆಟ್ಟಿಗೆ ಇರುವಂಥದ್ದು, ನೆಲದ ತನಕ ಮುಚ್ಚಿದೆ.

ಫಿಸಿಯೋ, 14 ವರ್ಷ

ಹಾಗಾದರೆ ಬೋರ್ಡಿನ ಹಂತ ಹೆಚ್ಚುಕಡಿಮೆ ದಾಟಿದೆ. ನಿಲ್ಲಿಸುವ ಯಂತ್ರವೂ ಬೇಡ, ಸಂಜೆ ಅದು ಕೈಕೊಡುತ್ತದೆ, ಕೆಲವೇ ತಿಂಗಳಲ್ಲಿ ಬೆಳಗ್ಗೆಯೂ. ಪೂರ್ತಿ ಮೈ ಎತ್ತುವ ಲಿಫ್ಟ್ ನೋಡಿ, ತಲೆಗೆ ಆಸರೆ ಇರುವ ಸ್ಲಿಂಗ್ ಜೊತೆ. ಕೊಳ್ಳುವ ಮುಂಚೆ ಬಾಡಿಗೆಗೋ ಎರವಲಿಗೋ ಸಿಕ್ಕರೆ ಎರಡು ವಾರ ಮನೆಯಲ್ಲೇ ಬಳಸಿ ನೋಡಿ.

ನಿಮ್ಮ ಮಂಚ ಇಲ್ಲಿ ದೊಡ್ಡ ತೊಡಕು. ನೆಲದ ಮೇಲೆ ಓಡುವ ಲಿಫ್ಟಿನ ಎರಡು ಕಾಲು ಮಂಚದ ಅಡಿಗೆ ಹೋಗಬೇಕು. ಸುಮಾರು 12 ಸೆಂ.ಮೀ. ಸಂದಾದರೂ ಬೇಕಾಗುತ್ತದೆ, ನೀವು ನೋಡುವ ಯಂತ್ರದ ಕಾಲನ್ನೇ ಅಳೆಯಿರಿ. ಪೆಟ್ಟಿಗೆ ಮಂಚಕ್ಕೆ ಅದು ಹೋಗುವುದೇ ಇಲ್ಲ. ಎತ್ತರ ಏರಿಳಿಸುವ, ತಲೆ ಭಾಗ ಎತ್ತುವ ಆಸ್ಪತ್ರೆ ಮಂಚ ಬಂದರೆ ಅರ್ಧ ಕಷ್ಟ ಕಳೆಯಿತು. ನಿಮ್ಮ ಸೊಂಟದ ಎತ್ತರಕ್ಕೆ ಮಂಚ ಏರಿಸಿ ಕೆಲಸ ಮಾಡಬಹುದು, ಬಗ್ಗುವುದೇ ಬೇಡ. ತಲೆ ಭಾಗ ಎತ್ತಿದರೆ ಅವರು ಅಂಗಾತ ಮಲಗದೆಯೇ ಸ್ಲಿಂಗ್ ಹಾಕಬಹುದು: ಮುಂದಕ್ಕೆ ಸ್ವಲ್ಪ ಬಾಗಿಸಿ, ಬೆನ್ನ ಹಿಂದಿನಿಂದ ಬಾಲದ ಮೂಳೆ ತನಕ ಇಳಿಸಿ, ಆಮೇಲೆ ಒಂದೊಂದು ತೊಡೆ ಕೆಳಗಿನಿಂದ ಕಾಲಿನ ಪಟ್ಟಿ ಎಳೆದುಕೊಳ್ಳಿ. ಮಲಗಿಸಲೇಬೇಕಾದ ಹೊತ್ತಿನಲ್ಲಿ ಬೈಪ್ಯಾಪ್ ಹಾಕಿಯೇ ಇರಬಹುದಾ ಅಂತ ನಿಮ್ಮ ವೈದ್ಯರನ್ನು ಕೇಳಿ. ಊಟ ಆದ ತಕ್ಷಣ ಎತ್ತಬೇಡಿ, ಸ್ಲಿಂಗ್ ಹೊಟ್ಟೆ ಒತ್ತುತ್ತದೆ.

ರಾತ್ರಿ ಪಾಳಿ

ಸ್ಲಿಂಗ್ ಬಗ್ಗೆ ನಾನು ಕಲಿತದ್ದು ಹೇಳುತ್ತೇನೆ, ಇದನ್ನು ಯಾರೂ ಸರಿಯಾಗಿ ತೋರಿಸಿಕೊಡಲಿಲ್ಲ.

ಅಳತೆ ಮುಖ್ಯ. ದೊಡ್ಡದಾದರೆ ಮನುಷ್ಯ ಮಧ್ಯದಲ್ಲಿ ಕುಸಿದು ಕೆಳಗಿನಿಂದ ಜಾರುತ್ತಾನೆ, ಚಿಕ್ಕದಾದರೆ ತೊಡೆ ಕೊಯ್ಯುತ್ತದೆ. ಬೆನ್ನ ಭಾಗದ ಕೆಳ ಅಂಚು ಬಾಲದ ಮೂಳೆಗೆ ಸರಿಯಾಗಿ ಬರಬೇಕು. ಪಟ್ಟಿಯ ತುದಿಯಲ್ಲಿ ಬೇರೆ ಬೇರೆ ಬಣ್ಣದ ಕುಣಿಕೆಗಳಿರುತ್ತವೆ. ಭುಜದ್ದು ಗಿಡ್ಡ, ಕಾಲಿನದು ಉದ್ದ ಹಾಕಿದರೆ ನೆಟ್ಟಗೆ ಕೂರುತ್ತಾರೆ, ಕುರ್ಚಿಗೆ ಇಳಿಸಲು ಅದು ಸರಿ. ಭುಜದ್ದು ಉದ್ದ, ಕಾಲಿನದು ಗಿಡ್ಡ ಹಾಕಿದರೆ ಹಿಂದಕ್ಕೆ ಒರಗುತ್ತಾರೆ. ಕತ್ತು ಸೋತವರಿಗೆ ಸ್ವಲ್ಪ ಒರಗಿದ್ದರೇ ಹಿತ. ಎಡ ಬಲ ಎರಡೂ ಕಡೆ ಒಂದೇ ಬಣ್ಣ ಇರಲೇಬೇಕು. ನಾನು ಒಂದು ಸಲ ನಿದ್ದೆಗಣ್ಣಲ್ಲಿ ಎಡಕ್ಕೆ ಹಸಿರು, ಬಲಕ್ಕೆ ನೀಲಿ ಹಾಕಿದ್ದೆ. ಎರಡು ಇಂಚು ಎತ್ತಿದಾಗಲೇ ಅಮ್ಮ ಒಂದು ಕಡೆ ವಾಲಿದರು, ತಕ್ಷಣ ಇಳಿಸಿದೆ. ಅವತ್ತಿನಿಂದ ಮೈ ಹಾಸಿಗೆ ಬಿಡುವ ಮುಂಚೆ, ಪಟ್ಟಿ ಬಿಗಿಯಾದ ಕೂಡಲೇ ನಿಲ್ಲಿಸಿ, ನಾಲ್ಕೂ ಕುಣಿಕೆ ಕೈಯಲ್ಲಿ ಮುಟ್ಟಿ ನೋಡಿ, ಆಮೇಲೆ ಮೇಲೆ.

ಇನ್ನೊಂದು. ತೊಡೆ ಕೆಳಗಿನ ಪಟ್ಟಿಯಲ್ಲಿ ಮಡಿಕೆ ಉಳಿಯಬಾರದು. ಅಂಗೈ ಹಾಕಿ ಒಂದು ಸಲ ಸವರಿ ಬಿಡಿಸಿ. ಅಮ್ಮನಿಗೆ ಒಂದು ಮಡಿಕೆಯಿಂದ ಸಂಜೆವರೆಗೆ ಕೆಂಪು ಗೆರೆ ಇತ್ತು.

ಗಾಲಿಕುರ್ಚಿಯಿಂದ

ಎಎಲ್‌ಎಸ್‌ನಲ್ಲಿ ಬಲ ಹೋದರೂ ಸ್ಪರ್ಶ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಮಡಿಕೆ ಚುಚ್ಚಿದರೆ ಅವರಿಗೆ ಗೊತ್ತಾಗುತ್ತದೆ. ಸರಿಸಿಕೊಳ್ಳಲು ಆಗುವುದಿಲ್ಲ ಅಷ್ಟೇ. ಅದಕ್ಕೇ "ನಿಲ್ಲಿಸು" ಅನ್ನುವುದಕ್ಕೆ ಒಂದು ಸನ್ನೆ ಈಗಲೇ ಮಾಡಿಕೊಳ್ಳಿ, ಮಾತು ಇರುವಾಗಲೇ. ಕಣ್ಣು ಗಟ್ಟಿಯಾಗಿ ಮುಚ್ಚಿದರೆ ನಿಲ್ಲಿಸಬೇಕು, ಹಾಗೇನಾದರೂ. ನೇತಾಡುತ್ತಿರುವಾಗ ಮಾತು ಹೊರಡುವುದು ಇನ್ನೂ ಕಷ್ಟ.

ಅಣ್ಣ ತಮ್ಮ

ಎರಡು ದಿನ ಏನೂ ಬರೆಯಲಿಲ್ಲ. ಸತ್ಯ ಹೇಳಬೇಕು ಅಂದರೆ ನನ್ನ ತಮ್ಮ ಆರು ತಿಂಗಳಿಂದ ಸೊಂಟ ನೋವಿಗೆ ಮಾತ್ರೆ ನುಂಗುತ್ತಿದ್ದಾನೆ, ನಾವಿಬ್ಬರೂ ಅದನ್ನು ಮಾತಾಡಿರಲಿಲ್ಲ. ಇವತ್ತು ಅಪ್ಪನನ್ನು ಕೇಳಿದೆ, ಎತ್ತುವಾಗ ಭುಜ ನೋಯುತ್ತಾ ಅಂತ. "ನೋಯುತ್ತೆ, ಆದರೆ ನೀವು ಕಷ್ಟಪಡ್ತೀರಲ್ಲ" ಅಂದರು.

ಪೂರ್ತಿ ಲಿಫ್ಟ್ ಬರುವವರೆಗೆ ಈಗಲೇ ಏನಾದರೂ ಮಾಡಬಹುದಾ?

ಫಿಸಿಯೋ, 14 ವರ್ಷ

ಮಾಡಬಹುದು ಸರ್. ಇವತ್ತೇ ಎರಡು ಕೆಲಸ.

ಒಂದು, ಸ್ಲೈಡ್ ಶೀಟ್. ಒಳಮೈ ನುಣುಪಾದ ನೈಲಾನ್ ಬಟ್ಟೆ, ಕೊಳವೆ ಥರ ಹೊಲಿದಿರುತ್ತಾರೆ. ಹಾಸಿಗೆಯಲ್ಲಿ ಕೆಳಗೆ ಜಾರಿದವರನ್ನು ಮೇಲಕ್ಕೆ ತರಲು, ಮಗ್ಗುಲು ಬದಲಿಸಲು ಎತ್ತುವುದೇ ಬೇಡ, ಜಾರಿಸಿದರೆ ಸಾಕು. ಕೆಲಸ ಆದ ಮೇಲೆ ತೆಗೆದುಬಿಡಿ. ಅಡಿಯಲ್ಲಿ ಬಿಟ್ಟರೆ ಅವರು ತಾವಾಗಿಯೇ ಜಾರಿ ಬೀಳುತ್ತಾರೆ.

ಎರಡನೆಯದು ಸಾಮಾನಲ್ಲ, ಲೆಕ್ಕ. ದಿನಕ್ಕೆ ಎಷ್ಟು ಸಲ ಎತ್ತುತ್ತೀರಿ ಅಂತ ಒಂದು ಚೀಟಿಯಲ್ಲಿ ಗೀಟು ಹಾಕಿ. ಎಷ್ಟೋ ಮನೆಗಳಲ್ಲಿ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ, ಅಲ್ಲಿಂದ ಸ್ನಾನದ ಸ್ಟೂಲಿಗೆ, ಮತ್ತೆ ಕುರ್ಚಿಗೆ ಅಂತ ನಾಲ್ಕು ಸಲ ಆಗುತ್ತದೆ. ಗಾಲಿ ಇರುವ, ಸೀಟಿನಲ್ಲಿ ತೂತಿರುವ, ನೀರು ತಡೆಯುವ ಕಮೋಡ್ ಕುರ್ಚಿ ತಂದರೆ ಹಾಸಿಗೆಯಿಂದ ನೇರ ಅದಕ್ಕೆ. ಅದನ್ನೇ ತಳ್ಳಿಕೊಂಡು ಹೋಗಿ ಕಮೋಡಿನ ಮೇಲೆ ನಿಲ್ಲಿಸಿ, ಅದರಲ್ಲೇ ಸ್ನಾನ, ಅದರಲ್ಲೇ ವಾಪಸ್. ನಾಲ್ಕು ಇದ್ದದ್ದು ಎರಡಾಯಿತು. ಲಿಫ್ಟ್ ಬಂದ ಮೇಲೂ ಈ ಕುರ್ಚಿ ಬೇಕಾಗುತ್ತದೆ, ವ್ಯರ್ಥ ಅಲ್ಲ.

ಹುಡುಗನ ಅಪ್ಪ

ಬಿದ್ದರೆ ಏನು ಮಾಡಬೇಕು ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ಗಾಬರಿಯಲ್ಲಿ ಎಳೆದಾಡುವುದೇ ಜಾಸ್ತಿ ಅನಾಹುತ. ಮೊದಲು ನೋವು, ಏಟು, ಉಸಿರು ನೋಡಿ. ತಲೆ ಕೆಳಗೆ ದಿಂಬು, ಮೈಮೇಲೆ ಹೊದಿಕೆ. ಮೂಳೆಗೆ ಏಟಾದ ಅನುಮಾನ ಬಂದರೆ ಅಲುಗಾಡಿಸಬೇಡಿ, ಆಂಬುಲೆನ್ಸ್ ಕರೆಯಿರಿ. ಏಟಿಲ್ಲ ಅಂದರೆ, ತೋಳು ನೆಲದ ತನಕ ಇಳಿಯುವ ಲಿಫ್ಟ್ ಇದ್ದವರು ಅದರಲ್ಲೇ ಎತ್ತಬಹುದು. ಕೊಳ್ಳುವಾಗ ತೋಳು ಎಷ್ಟು ಕೆಳಗೆ ಬರುತ್ತದೆ ಅಂತ ಕೇಳಿ. ಗಾಳಿ ತುಂಬಿ ಹಂತ ಹಂತವಾಗಿ ಮೇಲೇರುವ ಮೆತ್ತೆಯೂ ಇದೆ, ಆದರೆ ಕೂತ ಸಮತೋಲನ ಇಲ್ಲದವರಿಗೆ ಹಿಂದೆ ಒಬ್ಬರು ಹಿಡಿದುಕೊಂಡಿರಬೇಕು.

ಬ್ಯಾಟರಿಯ ಲಿಫ್ಟ್ ಆದರೆ ಕರೆಂಟ್ ಹೋದಾಗ, ಬ್ಯಾಟರಿ ಸತ್ತಾಗ ಕೈಯಲ್ಲೇ ಇಳಿಸುವ ತುರ್ತು ಗುಂಡಿ ಎಲ್ಲಿದೆ ಅಂತ ಮೊದಲ ದಿನವೇ ನೋಡಿಟ್ಟುಕೊಳ್ಳಿ.

ಎರಡು ಕೈ

ಆರು ವಾರ ಆಯಿತು. ಬರೆಯಲು ಹೊತ್ತು ಸಿಗಲಿಲ್ಲ, ಕ್ಷಮಿಸಿ.

ಹಳೆಯ ಮಂಚ ಹೋಯಿತು. ಏರಿಳಿಯುವ ಮಂಚ, ಬ್ಯಾಟರಿ ಲಿಫ್ಟ್, ಗಾಲಿ ಕಮೋಡ್ ಕುರ್ಚಿ ಬಂದವು. ಮೊದಲ ದಿನ ನಾನೇ ಸ್ಲಿಂಗ್‌ನಲ್ಲಿ ಕೂತೆ, ನನ್ನ ತಂಗಿ ಬಟನ್ ಒತ್ತಿದಳು. ಅವರು ನೋಡುತ್ತಿದ್ದರು. ನಾನು ಮೇಲೆ ಹೋಗಿ ಕಂಬಿ ಗಟ್ಟಿಯಾಗಿ ಹಿಡಿದದ್ದು ನೋಡಿ "ಕಂಬಿ ಹಿಡೀಬೇಡ, ಬೆರಳು ಸಿಕ್ಕೊಳ್ಳುತ್ತೆ" ಅಂದರು. ಮಾರನೇ ದಿನ ಅವರ ಸರದಿ.

ಮೊದಮೊದಲು ಒಂದು ಸಲಕ್ಕೆ 25 ನಿಮಿಷ ಹಿಡಿಯುತ್ತಿತ್ತು. ಈಗ ಎಂಟು. ಲಿಫ್ಟಿನ ಗಾಲಿಗೆ ಬ್ರೇಕ್ ಹಾಕಿ ಎತ್ತುತ್ತಿದ್ದೆ, ಅದು ಸೆಳೆದ ಹಾಗಾಗುತ್ತಿತ್ತು. ಯಂತ್ರದ ಪುಸ್ತಕದಲ್ಲಿ ನೋಡಿದರೆ ಎತ್ತುವಾಗ ಲಿಫ್ಟಿನ ಗಾಲಿ ಬಿಟ್ಟಿರಬೇಕು, ತೂಕಕ್ಕೆ ತಕ್ಕಂತೆ ತಾನೇ ಸರಿದುಕೊಳ್ಳಲಿ ಅಂತ, ಬ್ರೇಕ್ ಹಾಕಬೇಕಾದದ್ದು ಗಾಲಿಕುರ್ಚಿಗೆ. ಲಿಫ್ಟಿನ ಕಾಲು ಅಗಲಿಸಿಯೇ ಓಡಾಡಿಸುತ್ತೇನೆ. ಒಂದು ಸ್ಲಿಂಗ್ ಒಗೆಯಲು ಹಾಕಿದ ದಿನ ದಿನವಿಡೀ ಹಾಸಿಗೆಯಲ್ಲೇ ಇರಬೇಕಾಯಿತು, ಅದಕ್ಕೆ ಎರಡನೆಯದು ತರಿಸಿದ್ದೇನೆ. ಒಗೆಯುವಾಗ ಬ್ಲೀಚ್ ಹಾಕುವುದಿಲ್ಲ, ಪ್ರತಿ ಸಲ ಹೊಲಿಗೆ ನೋಡುತ್ತೇನೆ.

ಅವರು ಈಗ ಪೂರ್ತಿ ಲೋಟ ನೀರು ಕುಡಿಯುತ್ತಾರೆ, ಸಂಜೆ ಕೂಡ. ಇವತ್ತು ಫೋನ್ ತಮ್ಮ ಕೈಗೆ ಕೊಡು ಅಂದರು, ಕೆಳಗಿನದು ಅವರೇ ಬರೆದದ್ದು.

"ಗಾಲಿಕುರ್ಚಿಯಿಂದ ಬರೆಯುವವರಿಗೆ ನಮಸ್ಕಾರ. ಒಂದು ಪ್ರಶ್ನೆ. ಎತ್ತಿದ ಮೇಲೆ ತಿರುಗಿಸುವಾಗ ನನಗೆ ತಲೆ ಸುತ್ತುತ್ತದೆ. ನೀವು ಏನು ಮಾಡುತ್ತೀರಿ?"

ಗಾಲಿಕುರ್ಚಿಯಿಂದ

ನಮಸ್ಕಾರ ಸರ್. ನನಗೂ ಸುತ್ತುತ್ತಿತ್ತು. ಬೇಕಾದ್ದಕ್ಕಿಂತ ಮೇಲೆ ಎತ್ತುವುದು ಬೇಡ, ಹಾಸಿಗೆ ಬಿಟ್ಟು ನಾಲ್ಕು ಬೆರಳು ಎತ್ತರ ಸಾಕು. ತಿರುಗಿಸುವಾಗ ಅಕ್ಕ ಒಂದು ಕೈ ನಿಮ್ಮ ಮಂಡಿ ಮೇಲೆ ಇಟ್ಟು ಮೆಲ್ಲಗೆ ತಿರುಗಿಸಲಿ, ಕಾಲು ತೂಗಾಡುವುದಿಲ್ಲ. ನೀವು ಗೋಡೆ, ಸೂರು ನೋಡಬೇಡಿ, ಅವು ತಿರುಗುತ್ತವೆ. ಅಕ್ಕನ ಮುಖ ನೋಡಿ. ಅವರು ನಿಮ್ಮ ಜೊತೆಗೇ ತಿರುಗುತ್ತಾರಲ್ಲ.